ಕರಿ ಬಟ್ಟೆಯ ಕೆಳಗಿನ ಮಾವಿನ ಹೂವು

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ. ಈಗ ಬರೆಯುತ್ತಿರುವ ಸಂಗತಿ ನಡೆದಾಗ ನಮ್ಮ ಕಡೆ ಇನ್ನೂ ನಿಜಾಮರ ರಾಜ್ಯವಿತ್ತು, ದೂರದಲ್ಲೆಲ್ಲೋ ದೊಡ್ಡ ಲಡಾಯಿ ನಡೆದಿತ್ತು. ಅವತ್ತು ನನ್ನೆದುರು ನಿಂತು ಮಾತಾಡಿದವರಲ್ಲಿ ಮುಕ್ಕಾಲು ಮಂದಿ ಈಗ ಇಲ್ಲ. ಆದರೂ ಮಾಘ ಮಾಸದಲ್ಲಿ ಎಲ್ಲಿಂದಲೋ ಮಾವಿನ ಹೂವಿನ ವಾಸನೆ ಬಂತೆಂದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಬೇರೆಯವರಿಗೆ ಆ ವಾಸನೆಗೆ ಕೋಗಿಲೆ ನೆನಪಾಗುತ್ತದಂತೆ. ನನಗೆ ನೆನಪಾಗುವವಳು ಗಂಗಾವತಿ ಕಡೆಯ ಒಬ್ಬ ಗೌಡಸಾನಿ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನನ್ನನ್ನು ಸಣ್ಣವಳಿದ್ದಾಗಲೇ ಯಲಬುರ್ಗಾಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಜ್ವರದಲ್ಲಿ ತೀರಿಕೊಂಡಾಗ ನಾನಿನ್ನೂ ಅವನ ಜೊತೆ ನಾಲ್ಕು ಮಾತು ನೆಟ್ಟಗೆ ಆಡಿರಲಿಲ್ಲ. ಬಳೆ ಒಡೆದು, ಕುಂಕುಮ ಅಳಿಸಿ, ತಲೆಯ ಹೂ ಕಿತ್ತು ನನ್ನನ್ನು ಕೊಪ್ಪಳದ ತವರಿಗೆ ತಂದು ಬಿಟ್ಟರು. ಅಪ್ಪ ಅವ್ವ ಇಬ್ಬರೂ ಬೇಗ ಹೋದರು, ಉಳಿದವನು ಅಣ್ಣ. ಅವನದು ಫೋಟೋ ಅಂಗಡಿ. ಮನೆಯ ಪಡಸಾಲೆಯೇ ಸ್ಟುಡಿಯೋ. ಅಲ್ಲೊಂದು ಬಣ್ಣದ ಪರದೆ ತೂಗಿಬಿಟ್ಟಿದ್ದ: ಒಂದು ಕೆರೆ, ಅದರಲ್ಲಿ ಹಂಸ, ದಂಡೆಯ ಮೇಲೆ ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟ ಮರಗಳು. ಅವು ಯಾವ ದೇಶದ ಮರ ಎಂದು ಅಣ್ಣನಿಗೂ ಗೊತ್ತಿರಲಿಲ್ಲ. ಕುಷ್ಟಗಿಯ ಒಕ್ಕಲಿಗರು ಹೊಸ ರುಮಾಲು ಸುತ್ತಿಕೊಂಡು ಬಂದು ಆ ಹೆಸರಿಲ್ಲದ ಮರಗಳ ಕೆಳಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು.

ಫೋಟೋ ತೆಗೆಸಲು ಬರುವವರು ಹೆಚ್ಚಾಗಿ ಹೊಸದಾಗಿ ಮದುವೆಯಾದವರು, ಇಲ್ಲವೇ ತೊಟ್ಟಿಲ ಕೂಸಿನವರು. ಅಂಥವರಿಗೆ ನಾನು ಎದುರಾಗಬಾರದು. ಬಾಗಿಲಲ್ಲಿ ಸದ್ದಾದರೆ ಒಳಗೆ ಹೋಗಬೇಕು. ಒಳಗೆ ಎಂದರೆ ಫೋಟೋ ತೊಳೆಯುವ ಕತ್ತಲ ಕೋಣೆ. ಕೆಂಪು ದೀಪದ ಆ ಕೋಣೆಯಲ್ಲಿ ಕೂತು ಕೂತು ನಾನು ಕೆಲಸ ಕಲಿತೆ. ಚಿತ್ರ ಮೂಡುವ ಗಾಜಿನ ಪ್ಲೇಟು ತೊಳೆಯುವುದು, ಅದರಿಂದ ಕಾಗದಕ್ಕೆ ಇಳಿಸುವುದು, ಕೊನೆಗೆ ಕ್ಯಾಮೆರಾ ಹೂಡುವುದು, ಎಲ್ಲ. ಕತ್ತಲ ಕೋಣೆಗೆ ಮುತ್ತೈದೆಯೇ ಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿರಲಿಲ್ಲವಲ್ಲ, ಅದು ನನ್ನ ಪುಣ್ಯ.

ಆ ವರ್ಷ ಹೈದರಾಬಾದಿನಿಂದ ತೋಟಗಳನ್ನು ನೋಡಲು ಬಂದಿದ್ದ ಒಬ್ಬ ಸಾಹೇಬರು ಅಣ್ಣನಿಗೊಂದು ಕೆಲಸ ಹೇಳಿಹೋದರು. ಈ ಸೀಮೆಯ ಹಣ್ಣಿನ ಮರಗಳು ವಸಂತದಲ್ಲಿ ಬಿಡುವ ಹೂವುಗಳ ಚಿತ್ರ ಬೇಕು. ಮರದ ಚಿತ್ರವಲ್ಲ, ಹೂವಿನದು, ಅದೂ ಒಂದೊಂದು ಎಸಳು ಕಾಣುವಷ್ಟು ಹತ್ತಿರದಿಂದ. ಅಣ್ಣ ದೊಡ್ಡ ಮನುಷ್ಯರಿಗೆ ಇಲ್ಲವೆನ್ನಲಾರದೆ ಹೂಂ ಎಂದ. ಕುಷ್ಟಗಿಗೆ ಹೋಗಿ ದಾಳಿಂಬೆ ಹೂ ತೆಗೆದುಕೊಂಡು ಬಂದ. ನಾನು ಪ್ಲೇಟು ತೊಳೆದು ನೋಡಿದರೆ ಹೂವೆಲ್ಲಿದೆ? ಒಲೆಯ ಹೊಗೆಯ ಹಾಗೆ ಏನೋ ಒಂದು ಬಿಳಿ ಮುದ್ದೆ.

"ನಾ ಹೇಳಿದ್ನೆವ್ವಾ, ಅಲುಗಾಡಬ್ಯಾಡ, ಉಸುರು ಹಿಡಿ ಅಂತ. ಕೇಳಲಿಲ್ಲ ಅದು" ಎಂದ ಅಣ್ಣ. ಇಷ್ಟು ವರ್ಷ ಮಂದಿಗೆ ಹೇಳಿ ಹೇಳಿ ರೂಢಿಯಾಗಿ ದಾಳಿಂಬೆ ಹೂವಿಗೂ ಹಾಗೇ ಹೇಳಿದ್ದನಂತೆ!

ನಾನು ನಗಲಿಲ್ಲ. ಲಡಾಯಿಯ ಕಾರಣಕ್ಕೆ ಮದ್ರಾಸಿನಿಂದ ಪ್ಲೇಟು ಬರುವುದೇ ನಿಂತುಹೋಗಿತ್ತು, ಇದ್ದ ಒಂದು ಪೆಟ್ಟಿಗೆಯಲ್ಲಿ ಅರ್ಧಕ್ಕೆ ಇವನು ಹೊಗೆ ತುಂಬಿಕೊಂಡು ಬಂದಿದ್ದ. ಮಂದಿಯ ಮುಖ ತೆಗೆಯುವ ಹಾಗೆ ಹೂ ತೆಗೆಯಲಾಗದು ಎಂದು ಬೈದು ಬೈದು ಹೇಳಿದೆ. ಹತ್ತಿರ ಹೋಗಬೇಕೆಂದರೆ ಕ್ಯಾಮೆರಾದ ಚರ್ಮದ ತಿದಿಯನ್ನು ಪೂರ್ತಿ ಹೊರಗೆಳೆಯಬೇಕು. ಎಳೆದಷ್ಟೂ ಒಳಗೆ ಬೆಳಕು ಕಡಿಮೆ. ಬೆಳಕು ಕಡಿಮೆಯಾದಷ್ಟೂ ಗಾಜಿನ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟು ಹೊತ್ತೂ ಗಾಳಿ ಸುಮ್ಮನಿರಬೇಕು. ಎರಡನೆಯ ಸಲ ನಾನೇ ಅವನ ಜೊತೆ ಕುಷ್ಟಗಿಗೆ ಹೋದೆ. ಆ ತೋಟದ ಸಾಬರು ವಯಸ್ಸಾದವರು, ನನ್ನ ಬರಿ ಹಣೆಯನ್ನು ನೋಡಿದರು, ಒಂದು ಮಣೆ ತಂದಿಟ್ಟು "ಬೈಠೋ ಬೇಟಿ" ಎಂದು ತಮ್ಮ ಕೆಲಸಕ್ಕೆ ಹೋದರು. ಈ ಸಲ ಪ್ಲೇಟಿನಲ್ಲಿ ದಾಳಿಂಬೆ ಹೂ ನೆಟ್ಟಗೆ ಮೂಡಿ ಬಂತು. ಆಮೇಲೆ ನಮ್ಮ ಹಿತ್ತಿಲ ನಿಂಬೆ ಹೂ ಬಂತು. ನನ್ನ ಜೀವನದಲ್ಲಿ ನನ್ನದು ಎನ್ನುವಂಥ ಕೆಲಸ ಮಾಡಿದ್ದು ಅದೇ ಮೊದಲು, ಖುಷಿಗೆ ಊಟ ಸೇರುತ್ತಿರಲಿಲ್ಲ.

ಉಳಿದದ್ದು ಮಾವು. ಮಾವಿಲ್ಲದೆ ಉಳಿದ ಹೂವೆಲ್ಲ ಉಪ್ಪಿಲ್ಲದ ಅಡಿಗೆ. ಮರಳಿ ಎಂಬ ಊರಿನ ಆಚೆ ಕಾಲುವೆ ನೀರಿನ ಒಂದು ಹಳ್ಳಿಯಲ್ಲಿ ಗೌಡರ ಮಾವಿನ ತೋಪಿತ್ತು, ಅಲ್ಲಿಯದೇ ಬೇಕೆಂದು ಸಾಹೇಬರು ಹೇಳಿದ್ದರು. ಗೌಡರಿಗೆ ಅಣ್ಣ ಹೇಳಿ ಕಳಿಸಿದ, ಬರ್ರಿ ಎಂದು ಅವರಿಂದ ಉತ್ತರವೂ ಬಂತು. ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಕೆಮ್ಮುತ್ತ ಗಂಗಾವತಿ ಸೇರಿ, ಅಲ್ಲಿಂದ ಬಂಡಿಯಲ್ಲಿ ಗದ್ದೆಗಳ ನಡುವೆ ಹೋದೆವು. ಕ್ಯಾಮೆರಾ ನನ್ನ ತೊಡೆಯ ಮೇಲಿತ್ತು.

ತೋಪಿನ ಬಾಗಿಲಲ್ಲಿ ಗೌಡಸಾನಿ ನಿಂತಿದ್ದಳು. ಹಣೆಯ ಮೇಲೆ ಕಾಸಗಲ ಕುಂಕುಮ, ತುರುಬಿನ ತುಂಬ ಸೇವಂತಿಗೆ. ನನ್ನನ್ನು ನೋಡಿದ್ದೇ ಅಡ್ಡ ಕೈ ಚಾಚಿದಳು.

"ಯಣ್ಣಾ, ನೀ ಒಬ್ಬನ ಬರತೀ ಅಂತ ಹೇಳಿದ್ದಿ. ಈಕಿನ್ಯಾಕ ಕರಕೊಂಡ ಬಂದಿ? ಗಿಡ ಮೈತುಂಬ ಹೂ ಬಿಟ್ಟು ಬಸುರಿ ನಿಂತಂಗ ನಿಂತಾವ. ಗಂಡ ಸತ್ತಾಕಿ ನೆರಳ ಬೀಳಬಾರದು."

"ನನ್ನ ತಂಗೀರಿ. ಈ ಕೆಲಸ ಆಕಿಗೆ ಬರತೈತಿ, ನನಗ ಬರಂಗಿಲ್ರಿ" ಎಂದ ಅಣ್ಣ.

"ಹೆಂಗಸಿಗೆ ಬರೂ ಕೆಲಸ ನಿನಗ ಬರಂಗಿಲ್ಲ? ಹೇಳಾಕರ ನಾಚಿಕಿ ಬ್ಯಾಡೇನು?"

ನನ್ನ ಪಿತ್ತ ನೆತ್ತಿಗೇರಿತು. ಹೂ ಮುಡಿಯಬೇಡ ಎಂದರು, ಮುಡಿಯಲಿಲ್ಲ. ಈಗ ಮರದ ಮೇಲಿರುವ ಹೂವನ್ನು ನೋಡುವುದಕ್ಕೂ ಇವಳ ಅಪ್ಪಣೆ ಬೇಕೇ? "ಗುಬ್ಬಿ ಬರತಾವ, ಇರಿವಿ ಬರತಾವ, ಹುಳ ಬರತಾವ. ಅವುಕ್ಕೆಲ್ಲಾ ಗಂಡ ಅದಾನೋ ಇಲ್ಲೋ ಕೇಳೀರೇನ್ರಿ?" ಎಂದುಬಿಟ್ಟೆ. ಅಣ್ಣ ನನ್ನ ಸೆರಗು ಜಗ್ಗಿದ.

ಗದ್ದಲ ಕೇಳಿ ಗೌಡ ಬಂದ. ಅವನಿಗೆ ಹೆಂಡತಿಯ ಭಯವೂ ಇತ್ತು, ಹೈದರಾಬಾದಿನ ಸಾಹೇಬರ ಭಯವೂ ಇತ್ತು. ಗಡ್ಡ ಕೆರೆದುಕೊಂಡು ಒಂದು ದಾರಿ ಹುಡುಕಿದ. ಅಂಥ ದಾರಿ ನಮ್ಮ ಮಂದಿಗಲ್ಲದೆ ಬೇರೆ ಯಾರಿಗೂ ಹೊಳೆಯುವುದಿಲ್ಲ.

"ಫೋಟೋ ತಗಿಯೂ ಮುಂದ ತಲಿಮ್ಯಾಲ ಒಂದು ಕರಿ ಅರಿವಿ ಹೊಚ್ಚಿಕೊಂತಾರಲ್ಲ, ಅದನ್ನ ಇಲ್ಲಿಂದನ ಹೊಚ್ಚಿಕೊಂಡ ಬರ್ಲಿ. ಕರೇದಕ್ಕ ಕಣ್ಣ ತಾಗಂಗಿಲ್ಲ, ಕರೇದರ ಒಳಗಿಂದ ಕಣ್ಣ ಬೀಳಂಗೂ ಇಲ್ಲ. ಒಳಗ ಯಾರದಾರಂತ ಗಿಡಕ್ಕೇನ ಗೊತ್ತಾಕ್ಕೈತಿ?"

ಗೌಡಸಾನಿ ಯೋಚನೆ ಮಾಡಿದಳು. ಕರಿ ಬಟ್ಟೆ ದೃಷ್ಟಿಗೆ ಒಳ್ಳೆಯದು, ಅದು ಅವಳಿಗೂ ಗೊತ್ತಿದ್ದ ಮಾತು. "ಕಾಲೂ ಕಾಣಬಾರದು ಮತ್ತ" ಎಂದಳು.

ಹೀಗೆ ನಾನು ಆ ತೋಪಿನೊಳಗೆ ಹೋದೆ, ತಲೆಯಿಂದ ಪಾದದವರೆಗೆ ಕ್ಯಾಮೆರಾದ ಕರಿ ಬಟ್ಟೆ ಹೊದ್ದುಕೊಂಡು. ಮುಂದೆ ಅಣ್ಣ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಹಿಡಿದು ನಡೆದ, ಅದರ ಒಂದು ಕಾಲನ್ನು ಹಿಡಿದುಕೊಂಡು ಹಿಂದೆ ನಾನು. ಬೇರಿಗೆ ಎಡವಿ ಮುಗ್ಗರಿಸಿದೆ. ತೋಪಿನ ಆಳುಗಳು ನಕ್ಕದ್ದು ಕೇಳಿಸಿತು. ಬಟ್ಟೆಯ ಒಳಗೆ ನನ್ನ ಕಣ್ಣಲ್ಲಿ ನೀರು ಬಂದದ್ದು ದುಃಖಕ್ಕಲ್ಲ, ಸಿಟ್ಟಿಗೆ. ಮರಕ್ಕೆ ಒದೆಯಬೇಕು ಎನ್ನಿಸಿತು. ಮರ ಏನು ಮಾಡಿತ್ತು ಪಾಪ!

ಆದರೆ ಆ ಗೌಡನ ಜಾಣತನ ನೋಡಿ. ಕ್ಯಾಮೆರಾದ ಬಟ್ಟೆಯ ಕೆಳಗೆ ಹೋದರೆ ನಾನು ಕಣ್ಣಿಲ್ಲದವಳಾಗುತ್ತೇನೆ ಎಂದು ತಿಳಿದಿದ್ದ. ಬಟ್ಟೆ ಹೊದೆಯುವುದೇ ನೋಡುವುದಕ್ಕೆ, ಚೆನ್ನಾಗಿ ನೋಡುವುದಕ್ಕೆ! ಆ ತೋಪು ನೆಟ್ಟಾಗಿನಿಂದ ಅಲ್ಲಿಯ ಹೂವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಯಾರೂ ನೋಡಿರಲಿಕ್ಕಿಲ್ಲ.

ಕೆಳಗಿನ ಕೊಂಬೆಯ ಒಂದು ಹೂಗೊಂಚಲಿಗೆ ಕ್ಯಾಮೆರಾ ಹೂಡಿದೆ. ತಿದಿ ಪೂರ್ತಿ ಎಳೆದು, ಹಿಂದಿನ ಉಜ್ಜಿದ ಗಾಜಿನ ಮೇಲೆ ಕಣ್ಣಿಟ್ಟೆ. ಮೊದಲು ಬರೀ ಮಬ್ಬು. ತಿರುಪು ಸ್ವಲ್ಪ ತಿರುಗಿಸಿದೆ. ಮಬ್ಬಿನೊಳಗಿಂದ ಹೂ ಎದ್ದು ಬಂತು, ತಲೆಕೆಳಗಾಗಿ. ನಾವು ಮಾವಿನ ಹೂ ಎಂದರೆ ಒಂದು ಹಿಡಿ ಹಳದಿ ತೌಡು ಎಂದುಕೊಂಡಿರುತ್ತೇವೆ. ಹಾಗಲ್ಲ. ಒಂದೊಂದಕ್ಕೂ ಐದು ಎಸಳು, ಎಸಳಿನ ಬುಡದಲ್ಲಿ ಅರಿಸಿನದ ಗೆರೆ, ಹಳತಾದ ಹೂವಿನಲ್ಲಿ ಅದೇ ಗೆರೆ ಕೆಂಪಗೆ. ಕೆಂಪು ತೊಟ್ಟಿನ ಮೇಲೆ ಸಣ್ಣ ರೋಮ. ಬಹಳ ಹೂವಿನ ನಡುವೆ ಏನೂ ಇಲ್ಲ, ಕೆಲವೇ ಕೆಲವು ಹೂವಿನ ನಡುವೆ ಸಾಸಿವೆ ಕಾಳಿಗಿಂತ ಸಣ್ಣದೊಂದು ಹಸಿರು ಮಣಿ. ಅದೇ ಮುಂದೆ ಕಾಯಿ. ಒಂದು ಇರುವೆ ಆ ಮಣಿಯನ್ನು ಸುತ್ತುಹಾಕಿ ಹೋಯಿತು. ನನಗೆ ಸಿಟ್ಟು ಮರೆತುಹೋಯಿತು ಎಂದರೆ ಸುಳ್ಳಾದೀತು. ಸಿಟ್ಟೂ ಇತ್ತು, ಅದರ ಪಕ್ಕದಲ್ಲಿ ಈ ಸುಖವೂ ಇತ್ತು. ಎಷ್ಟು ಹೊತ್ತು ನೋಡಿದೆನೋ, ಅಣ್ಣ ಹೊರಗಿನಿಂದ ಕೆಮ್ಮಿದ.

ಚೌಕಟ್ಟಿಗೆ ಪ್ಲೇಟು ಹಾಕಿದ ಮೇಲೆ ಗಾಜಿನಲ್ಲಿ ಏನೂ ಕಾಣುವುದಿಲ್ಲ. ಆಗ ಹೊರಬಂದು ಹೂವನ್ನು ನೋಡುತ್ತ, ಗಾಳಿ ನಿಂತ ಹೊತ್ತಿಗೆ ಗಾಜಿನ ಕಣ್ಣಿನ ಮುಚ್ಚಳ ತೆಗೆಯಬೇಕು. ಬಟ್ಟೆ ಸರಿಸಿದೆ. "ಮುಚ್ಚಿಕೋ, ಮುಚ್ಚಿಕೋ!" ಎಂದು ಗೌಡಸಾನಿ ಕೂಗಿಕೊಂಡಳು. ಹಲ್ಲು ಕಚ್ಚಿ ಒಳಗೇ ಕೂತೆ. ಎಲೆಗಳ ಸದ್ದು ನಿಲ್ಲುವುದನ್ನು ಕಿವಿಯಿಂದ ಕಾದೆ. ನಿಂತಿತು ಎನ್ನಿಸಿದಾಗ "ತಗಿ" ಎಂದೆ, ಅಣ್ಣ ಮುಚ್ಚಳ ತೆಗೆದ. "ಮುಚ್ಚು" ಎಂದೆ, ಮುಚ್ಚಿದ. ಒಂದು ಸಲ ನಡುವೆಯೇ ಗಾಳಿ ಬಂತು. ಮತ್ತೊಂದು ಸಲ ಗುಬ್ಬಿ ಬಂದು ಕೊಂಬೆಯ ಮೇಲೆ ಕೂತಿತು. ಪೆಟ್ಟಿಗೆಯಲ್ಲಿ ಕೊನೆಗೆ ಉಳಿದ ಪ್ಲೇಟಿಗೆ ಮಾತ್ರ ಇಡೀ ತೋಪು ಉಸಿರು ಹಿಡಿದ ಹಾಗಾಯಿತು.

ಕೊಪ್ಪಳಕ್ಕೆ ಬಂದು ತೊಳೆದೆ. ಕೆಂಪು ದೀಪದ ಎದುರು ಹಿಡಿದಾಗ ಎಲ್ಲ ಬಂದಿತ್ತು: ಎಸಳು, ಗೆರೆ, ರೋಮ, ಆ ಹಸಿರು ಮಣಿ. ಗಾಜಿನ ಮೇಲೆ ಬಿಳಿಯದು ಕರಿಯಾಗಿ, ಕರಿಯದು ಬಿಳಿಯಾಗಿ ಕಾಣುತ್ತದಲ್ಲ, ನನ್ನ ಹೂವು ಕರಿ ಮುತ್ತಿನ ಹಾಗೆ ಹೊಳೆಯಿತು. ಆದರೆ ಕಾಗದಕ್ಕೆ ಇಳಿಸಲು ಮನೆಯಲ್ಲಿ ಕಾಗದವಿರಲಿಲ್ಲ. ಹುಬ್ಬಳ್ಳಿಯಿಂದ ರೈಲಿಗೆ ಬರಬೇಕಿತ್ತು. ಅಲ್ಲಿಯವರೆಗೆ ಆ ಹೂವು ಇದ್ದದ್ದು ಆ ಒಂದು ಗಾಜಿನಲ್ಲಿ ಮಾತ್ರ. ಗಾಜು ಒಡೆದರೆ ಮುಗಿಯಿತು.

ಅಷ್ಟರಲ್ಲಿ ಮೋಡ ಕವಿಯಿತು. ಮಾಘದಲ್ಲಿ ಬರಬಾರದ ಮಂಜು ಬಂದು ಬೆಳಗಿನ ಹೊತ್ತು ಎದುರಿನ ಮನೆ ಕಾಣದಂತಾಯಿತು. ಮಾವಿನ ಹೂವಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಹೊಳೆಸಾಲಿನ ತೋಪುಗಳಲ್ಲಿ ಹೂವೆಲ್ಲ ಕರ್ರಗಾಗಿ ಉದುರಿತೆಂದು ಸಂತೆಗೆ ಬಂದವರು ಹೇಳಿದರು. ಕೇಳಿದ ಕ್ಷಣವೇ ನನಗೆ ಮುಂದಿನದು ಗೊತ್ತಾಯಿತು.

ಗೌಡ ಗೌಡಸಾನಿ ಇಬ್ಬರೂ ಬಂದರು. ಈ ಸಲ ಅವಳು ಕೂಗಾಡಲಿಲ್ಲ, ಅಳುತ್ತಿದ್ದಳು. ಅವಳ ದುಃಖ ನಿಜವಾದದ್ದೇ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಯಾವ ನ್ಯಾಯ?

"ಅರಿವಿ ಸರಿಸಿ ನೋಡಿದಳು ಈಕಿ, ನಾ ಕಂಡೀನಿ" ಎಂದಳು. "ಗಿಡದಾಗಿನ ಜೀವ ಎಲ್ಲಾ ಆ ಗಾಜಿನ್ಯಾಗ ಎಳಕೊಂಡಾಳ. ಆ ಗಾಜು ಕೊಡ್ರಿ. ಗಿಡದ ಬುಡಕ್ಕ ಒಡದು ಹುಗದ್ರ ಬರೂ ವರ್ಷರ ಹೂ ನಿಲ್ಲತಾವ."

"ಮಂಜು ಬಿದ್ದು ಹೊಳಿಸಾಲಿನಾಗ ಎಲ್ಲಾರ ಹೂವೂ ಹೋಗ್ಯಾವ" ಎಂದೆ ಒಳಬಾಗಿಲಿನಿಂದ. "ಆನೆಗುಂದಿ ಗಿಡಕ್ಕೂ ನಾನ ಹೋಗಿದ್ನೇನ್ರಿ?"

"ಒಂದ ಕಣ್ಣು ಸಾಕವ್ವಾ. ಒಂದು ಗಿಡಕ್ಕ ಬಿದ್ರ ಊರಿಗೆಲ್ಲಾ ಹಬ್ಬತೈತಿ."

ಗೌಡ ಅಣ್ಣನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡಿದ. ಮೆಲ್ಲಗೆಂದರೂ ನನಗೆ ಕೇಳಿಸಿತು. ಗಾಜು ಕೊಡದಿದ್ದರೆ ಆ ಕಡೆಯ ಯಾವ ಹಳ್ಳಿಯ ಮದುವೆಗೂ ಅಣ್ಣನ ಕ್ಯಾಮೆರಾ ಬರುವುದಿಲ್ಲ, ಅಷ್ಟೇ. ಬೆದರಿಸುತ್ತಿರುವವನ ದನಿಯಲ್ಲ, ಮಳೆ ಬರುತ್ತದೆ ಎಂದು ಹೇಳುವವನ ದನಿ. ಅಣ್ಣ ನನ್ನ ಹತ್ತಿರ ಬಂದು ನೆಲ ನೋಡುತ್ತ ನಿಂತ.

"ಕೊಟ್ಟಬಿಡವ್ವಾ. ಒಂದು ಹೂವಿನ ಸಲುವಾಗಿ ಹೊಟ್ಟಿಮ್ಯಾಲ ಕಲ್ಲ ಹಾಕ್ಕೊಳ್ಳಾಕ ಬರತೈತೇನು? ಬರೂ ವರ್ಷ ಮತ್ತ ತಗದರಾತು."

ಬರುವ ವರ್ಷ! ಯಾವ ತೋಪಿನ ಬಾಗಿಲು ನನಗೆ ತೆರೆದೀತು ಬರುವ ವರ್ಷ? ಗಂಗಾವತಿಯಿಂದ ಯಲಬುರ್ಗಾದವರೆಗೆ ಇಷ್ಟರಲ್ಲೇ ಮಾತು ಹಬ್ಬಿರುತ್ತದೆ. ಆ ಒಂದು ಗಾಜು ಹೋದರೆ ನಾನು ಮತ್ತೆ ಬರೀ ಕತ್ತಲ ಕೋಣೆಯವಳು. ಅಣ್ಣನ ಮೇಲೂ ಕೆಂಡದಂಥ ಸಿಟ್ಟು ಬಂತು. ತೋಪಿನಲ್ಲಿ ನನ್ನನ್ನು ಕುರುಡಿಯ ಹಾಗೆ ನಡೆಸಿಕೊಂಡು ಹೋದಾಗಲೂ ಬಾಯಿ ಬಿಡದವನು, ಈಗಲೂ ನನ್ನ ಪರವಾಗಿ ಬಾಯಿ ಬಿಡುತ್ತಿಲ್ಲ. "ತರತೀನಿ ತಡೀರಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹಳೆಯ ಪ್ಲೇಟುಗಳ ಪೆಟ್ಟಿಗೆಯಲ್ಲಿ ಎಲ್ಲಕ್ಕೂ ಕೆಳಗೆ ಒಂದು ಪ್ಲೇಟಿತ್ತು. ಅಣ್ಣ ಕ್ಯಾಮೆರಾ ಕಲಿಯುತ್ತಿದ್ದಾಗ ನನ್ನ ಮದುವೆಯಲ್ಲಿ ತೆಗೆದದ್ದು. ಅವ್ವ ನನಗೆ ಮೊಗ್ಗಿನ ಜಡೆ ಹೆಣೆದಿದ್ದಳು, ಕುತ್ತಿಗೆಯಿಂದ ಸೊಂಟದವರೆಗೆ ಬರೀ ಮಲ್ಲಿಗೆ ಮೊಗ್ಗು. ಜಡೆ ಕಾಣಲೆಂದು ನನ್ನನ್ನು ಬೆನ್ನು ತಿರುಗಿಸಿ ಕೂರಿಸಿದ್ದರು. ಮುಖ ಕಾಣುವಂತೆ ಎದುರಿಗೆ ಇಡಲು ಮನೆಯಲ್ಲಿ ದೊಡ್ಡ ಕನ್ನಡಿ ಇರಲಿಲ್ಲವಾದ್ದರಿಂದ ನನ್ನ ಮುಖ ಅದರಲ್ಲಿ ಬಂದಿಲ್ಲ. ಜಡೆಯೊಂದೇ ಇದೆ. ಅದರಿಂದ ಇಳಿಸಿದ್ದ ಕಾಗದದ ಚಿತ್ರವನ್ನು ಗಂಡನ ಮನೆಯವರು ಅವನು ಸತ್ತ ದಿನವೇ ಒಲೆಗೆ ಹಾಕಿದ್ದರು. ನಾನು ಹೂ ಮುಡಿದದ್ದಕ್ಕೆ ಈ ಲೋಕದಲ್ಲಿ ಉಳಿದಿದ್ದ ಸಾಕ್ಷಿ ಈ ಗಾಜು ಒಂದೇ. ಅವ್ವನ ಬೆರಳಿನ ಕೆಲಸವೂ ಇನ್ನೆಲ್ಲೂ ಇಲ್ಲ.

ಅದನ್ನು ಕೆಂಪು ದೀಪಕ್ಕೆ ಹಿಡಿದೆ. ತಲೆಕೆಳಗು ಮಾಡಿದೆ. ಬುಡದಲ್ಲಿ ದಪ್ಪ, ಮೇಲೆ ಹೋದ ಹಾಗೆ ಸಣ್ಣ, ಮೈತುಂಬ ಒತ್ತೊತ್ತಾಗಿ ಕರಿ ಮಣಿಗಳು. ಮಾವಿನ ಹೂಗೊಂಚಲಿಗೂ ಅದಕ್ಕೂ ಫೋಟೋ ಕೆಲಸ ತಿಳಿಯದವರ ಕಣ್ಣಿಗೆ ಭೇದವಿರಲಿಲ್ಲ. ಬಹಳ ಹೊತ್ತು ಯೋಚಿಸಲಿಲ್ಲ. ಯೋಚಿಸಿದ್ದರೆ ಅದನ್ನು ಕೊಡಲು ಕೈ ಬರುತ್ತಿರಲಿಲ್ಲ.

ಹೊರಗೆ ಬಂದು ಅದನ್ನು ಗೌಡನ ಕೈಗೆ ಕೊಟ್ಟೆ. ಅವನು ಅಂಗಳದ ಬಿಸಿಲಿಗೆ ಎತ್ತಿ ಹಿಡಿದ. ಅಣ್ಣನೂ ಕತ್ತೆತ್ತಿ ನೋಡಿದ. ತಾನೇ ತೆಗೆದ ಪ್ಲೇಟು ಅವನಿಗೆ ಗೊತ್ತಾಗದೇ ಇರುತ್ತದೆಯೇ? ಅವನ ಮುಖ ಬಿಳಚಿತು.

"ಕೊಂಬಿ ಎಲಿ ಒಂದೂ ಕಾಣಂಗಿಲ್ಲಲ್ಲ" ಎಂದ ಗೌಡ.

ನಾನು ಅಣ್ಣನನ್ನೇ ದಿಟ್ಟಿಸಿದೆ. ಈಗಲೂ ಬಾಯಿ ಬಿಡದಿದ್ದರೆ ಇವನ ಮನೆಯಲ್ಲಿ ಅನ್ನ ಉಣ್ಣುವುದಿಲ್ಲ ಎಂದುಕೊಂಡೆ.

"ಭಾಳ ಹತ್ತರದಿಂದ ತಗದೈತ್ರಿ" ಎಂದ ಅಣ್ಣ. "ಹೂ ಒಂದ ಬರತೈತಿ. ಅದ ಐತ್ರಿ ಅದು, ಹೂವಿನ ಪ್ಲೇಟು."

ಗೌಡಸಾನಿ ಅದನ್ನು ಗಂಡನ ಕೈಯಿಂದ ತೆಗೆದುಕೊಂಡಳು. ಕಟ್ಟೆಯ ಮೇಲೆ ಸೆರಗು ಹಾಸಿ ಅದರ ಮೇಲಿಟ್ಟಳು. ಸೊಂಟದ ಸಂಚಿಯಿಂದ ಅರಿಸಿನ ಕುಂಕುಮ ತೆಗೆದು, ಒಂದೊಂದು ಹೂವನ್ನೂ ಹುಡುಕುವ ಹಾಗೆ ಬೆರಳಾಡಿಸಿ, ಜಡೆಯ ಬುಡದಿಂದ ತುದಿಯವರೆಗೆ ಹಚ್ಚಿದಳು. ತುರುಬಿನಿಂದ ಒಂದು ಸೇವಂತಿಗೆ ಕಿತ್ತು ಏರಿಸಿದಳು. "ನಮ್ಮವ್ವಾ, ಸಿಟ್ಟಾಗಬ್ಯಾಡ, ತಪ್ಪಾತು, ತಿರುಗಿ ಬಾ" ಎಂದು ಕಣ್ಣು ಮುಚ್ಚಿ ಕೈ ಮುಗಿದಳು. ನನ್ನ ನೆರಳಿಗೆ ಹೆದರಿದವಳು ನನ್ನ ಜಡೆಗೆ ಕುಂಕುಮ ಹಚ್ಚಿ, ಹೂ ಏರಿಸಿ, ನನಗೇ ಕೈ ಮುಗಿಯುತ್ತಿದ್ದಳು. ಗೆದ್ದೆ ಎಂದು ನನಗೆ ನಗು ಬರಬೇಕಿತ್ತು. ಬರಲಿಲ್ಲ. ಇಷ್ಟು ಸುಲಭವಾಗಿ ಹಚ್ಚಲು ಬರುವುದನ್ನು ಇಷ್ಟು ವರ್ಷ ಯಾಕೆ ಹಚ್ಚಲಿಲ್ಲ ಎಂದು ಕಿರುಚಬೇಕೆನ್ನಿಸಿತು. ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಗಾಜನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರು ಹೋದರು.

ಅಣ್ಣ ಕಟ್ಟೆಯ ಮೇಲೆ ಉದುರಿದ್ದ ಕುಂಕುಮವನ್ನು ಅಂಗೈಯಿಂದ ಬಳಿದು ಕೂಡಿಸಿದ. "ನಿನ್ನದಂತ ಇದ್ದದ್ದು ಅದೊಂದ ಇತ್ತಲ್ಲವ್ವಾ" ಎಂದ.

"ಆ ಹೂ ನೀವ ಮುಡಿಸಿದ್ರಿ, ನೀವ ಕಿತ್ತಿರಿ" ಎಂದೆ. "ಒಳಗ ಮಾವಿನ ಹೂ ಐತಲ್ಲ, ಅದು ನನ್ನದು. ಮುಟ್ಟೀಯ ಮತ್ತ!"